ಲಟ್ಟಣಿಗಿ

ಅಣ್ಣಿಗೇರಿ ದಾಟಿ ಟಂಟಂ ಮಗ್ಗಲಾದಾಗ
ನನ್ನ ಎಡಗಾಲು ನನ್ನ ಮಾತು ಕೇಳಲಿಲ್ಲ.
ಮಳಿ. ಎರಿ ಮಣ್ಣು.
ಮೊಬೈಲಿನ್ಯಾಗ ಒಂದು ಕಡ್ಡಿ ಸುದ್ದಾ ಇಲ್ಲ.

ಮದುವಿ ಮನಿಗೆ ಹೋಳಿಗಿ ಲಟ್ಟಿಸಾಕ ಹೊಂಟಿದ್ದ ಫಕೀರವ್ವ
ಚೀಲ ತಡಕಾಡಿ ಲಟ್ಟಣಿಗಿ ತಗದಳು,
ಸೆರಗಿಗೆ ಒಮ್ಮೆ ಒರಿಸಿದಳು, ಕಣಕಕ್ಕ ಇಳಿಸೂ ಮುಂದ ಒರಿಸಿದಂಗ.
"ಹಲ್ಲು ಕಚ್ಚು ತಮ್ಮಾ."
ಒಂದು ಮಗ್ಗಲಾ ಅದು, ಇನ್ನೊಂದು ಮಗ್ಗಲಾ ನನ್ನ ಛತ್ರಿ,
ಟಾವೆಲ್ಲು ಹರದು ಮೂರು ಗಂಟು.
ಗಂಟು ಎಲುಬಿನ ಮ್ಯಾಲ ಬೀಳದಂಗ ನೋಡಿದಳು.
ಯಾರು ಕಲಿಸಿದ್ರಬೇ, ಅಂದೆ.
"ಆಕಳ ಕರಾ" ಅಂದಳು, ಅಷ್ಟ.

ಹುಸೇನಬಿ ಸುಮ್ಮನ ಕುಂತಿದ್ದಳು,
ತೊಡಿ ಮ್ಯಾಲ ನವಲಗುಂದದ ಜಮಖಾನಿ,
ನಾಕು ತಿಂಗಳ ನೇಯ್ಗಿ, ಗದಗಿನ ಗಿರಾಕಿದು.
ಅದನ್ನ ನೋಡಿದಳು. ನನ್ನ ನೋಡಿದಳು.
ಕೆಸರಿನ್ಯಾಗ ಹಾಸೇಬಿಟ್ಟಳು.
ಹತ್ತಿ ಹೊಲದ ಬೇಲಿಯ ಎರಡು ಗಳಾ,
ಅಂಚು ಸುತ್ತಿದರ ಡೋಲಿ.
ಪಗಡಿ ಹಾಸಿನ ನಟ್ಟನಡುವ
ಮುರಿದ ಕಾಯಿ ನಾನು.
ಮುಂದ ಡ್ರೈವರ ಮೈಲಾರಿ,
ಟಂಟಂದ ಹಿಂದಿನ ಕೆಂಪು ಗಾಜು ಕಿತ್ತು
ಮೊಬೈಲ್ ಬೆಳಕಿಗೆ ಹಿಡದು ಬೀಸಕೋತ.

ಲಾರಿ ನಿಂತಿತು.

ದವಾಖಾನ್ಯಾಗ ಡಾಕ್ಟರು ಗಂಟು ಬಿಚ್ಚಿದಾಗ
ಸಂದ್ಯಾಗ ಉಳದ ಹಿಟ್ಟು ಮೀನಖಂಡಕ್ಕ ಮೆತ್ತಿತ್ತು.
ಫಕೀರವ್ವ ಕೈ ಚಾಚಿ ನಿಂತಿದ್ದಳು:
"ಕೊಡ್ರಿ ಸಾಹೇಬ್ರ, ಮುಂಜಾನಿ ಮುನ್ನೂರು ಹೋಳಿಗಿ ಅದಾವ."

ಜಮಖಾನಿ ಮಾತ್ರ ಯಾರೂ ಕೇಳಲಿಲ್ಲ.
ನಮ್ಮ ಮನ್ಯಾಗ ಐತಿ. ರೊಕ್ಕಾ ಇನ್ನೂ ಒಂದು ಕಂತು ಬಾಕಿ.
ಒಂದು ಮನಿ ತುಂಬ ಎರಿ ಕಲಿ ಕುಂತೈತಿ,
ತೊಳಿಯಾಕ ಹಾಕಿಲ್ಲ.