ಎಂಟು ಗುಂಡಿಯ ತಿಂಗಳು

ಗಂಡಸಿ ಹ್ಯಾಂಡ್‌ಪೋಸ್ಟಿನಿಂದ ಎರಡು ಮೈಲಿ ಒಳಗೆ
ತಗಡಿನ ಆಫೀಸು; ನಾನು ಅದರ ರೈಟರು.
ತಿಂಗಳ ಕೊನೆಗೆ ಉದ್ದ ಪುಸ್ತಕ ತೆರೆದು
ಬರುವ ತಿಂಗಳ ಬೆಂಕಿಯನ್ನು
ಈಗಲೇ ಬರೆದಿಡುವುದು ನನ್ನ ಕೆಲಸ.

ಮೂರೂವರೆ ಟನ್ ತೆಂಗಿನ ಚಿಪ್ಪು ಸುಟ್ಟರೆ
ಒಂದು ಟನ್ ಇದ್ದಿಲು.
ಉಳಿದ ಎರಡೂವರೆ ಎಲ್ಲಿ ಹೋಯಿತೆಂಬುದಕ್ಕೆ
ಪುಸ್ತಕದಲ್ಲಿ ಕಾಲಮ್ಮಿಲ್ಲ.
ಚಿಕ್ಕತಾಯಮ್ಮನ ಕೇಳಿದರೆ
ತಂತಿಯ ಮೇಲಿನ ಪಂಚೆ ತೋರಿಸುತ್ತಾಳೆ.
ಕಲ್ಲೇಶಿ ಹಿಪ್ಪುನೇರಳೆ ಎಲೆ ಒರೆಸಿದ ಬೆರಳನ್ನು
ನನ್ನ ಮೇಜಿಗೆ ಒತ್ತಿ ಹೋದ,
ಹೆಬ್ಬೆಟ್ಟಿನ ಅರ್ಜಿ.
ನಾಲ್ಕನೇ ಜ್ವರ ಎದ್ದ ಹುಳ
ಸೊಪ್ಪು ಮುಟ್ಟದೆ ತಲೆಯೆತ್ತಿ ಕೂತಿವೆಯಂತೆ.

ಷಡಕ್ಷರಿಯವರು ಕೆಟ್ಟವರಲ್ಲ.
ಅವರ ಕಿವಿಯಲ್ಲಿ ಸದಾ ಕೊಯಮತ್ತೂರಿನ ಫೋನು:
ನಲವತ್ತು ಟನ್, ಇಪ್ಪತ್ತೈದನೇ ತಾರೀಖಿನೊಳಗೆ.
ನಮ್ಮ ಇದ್ದಿಲು ಅಲ್ಲಿ ಪುಡಿಯಾಗಿ, ಹಬೆಯುಂಡು,
ಯಾರದೋ ಅಡುಗೆಮನೆಯ ಫಿಲ್ಟರಿನೊಳಗೆ ಕೂತು
ನೀರು ಸೋಸುತ್ತದೆ.
ಇಲ್ಲಿ ಗುಂಡಿ ಆರಿಸಿದ ನೀರು
ಕಪ್ಪಗೆ, ನಿಧಾನಕ್ಕೆ
ಬಾವಿಯ ದಾರಿ ಹಿಡಿಯುತ್ತದೆ.
ಇಷ್ಟನ್ನು ಹೇಳಿದೆ. ಅವರು ನಕ್ಕರು.
ಆಮೇಲೆ ನಗಲಿಲ್ಲ.
"ಸರಿ, ಬೇರೆ ಲೆಕ್ಕ ಹಾಕು" ಅಂದರು.

ಹಾಕಿದೆ.
ಹನ್ನೆರಡು ಗುಂಡಿಯಲ್ಲಿ ನಾಲ್ಕಕ್ಕೆ ಗೆರೆ ಎಳೆದೆ.
ಆಷಾಢದ ಗಾಳಿ ಪಡುವಲಿಂದ, ಹಟ್ಟಿ ಇರುವುದು ಮೂಡಲಿಗೆ;
ಗಾಳಿ ಕೆರೆಯಂಗಳಕ್ಕೆ ತಿರುಗಿದ ದಿನ ಮಾತ್ರ ಕಿಚ್ಚು,
ಅದೂ ಶಾಲೆ ಬಿಟ್ಟ ಮೇಲೆ.
ಹುಳ ಗೂಡು ಕಟ್ಟುವ ತನಕ
ಕಲ್ಲೇಶಿ ಹೊಲದ ಕಡೆಯ ಸಾಲು ಬಂದ್.
ಎಂಟು ಗುಂಡಿ. ಇಪ್ಪತ್ತಾರು ಟನ್.
ನನ್ನ ಅಕ್ಷರ ಅಷ್ಟು ದುಂಡಗೆ ಬಂದದ್ದು
ಅವತ್ತೊಂದೇ ದಿನ.

ಶನಿವಾರ ಬಟವಾಡೆ.
ಚಿಪ್ಪು ಆರಿಸುವ ಗುಲ್ಜಾರಮ್ಮ ನೋಟು ಎಣಿಸಿದಳು,
ಇನ್ನೊಮ್ಮೆ ಎಣಿಸಿದಳು.
ಆರು ದಿನದ ಜಾಗದಲ್ಲಿ ನಾಲ್ಕು.
"ಹೊಗೆ ಕಮ್ಮಿ ಮಾಡಿದ್ರಿ ಕಣಮ್ಮ, ಒಳ್ಳೇದಾಯ್ತು.
ನಮ್ಮನೆ ಒಲೇಲೂ ಕಮ್ಮಿ ಆಯ್ತು."
ದನಿಯಲ್ಲಿ ಸಿಟ್ಟಿರಲಿಲ್ಲ.
ಇದ್ದಿದ್ದರೆ ಸುಲಭವಿತ್ತು.

ಆ ರಾತ್ರಿ ಮನೆಗೆ ಹೋಗದೆ
ಮೈಲಾರಿಯ ಪಕ್ಕ ಗುಂಡಿಯ ದಂಡೆಗೆ ಕೂತೆ.
ಬೆಳ್ಳನೆ ಹೊಗೆ ಸಣ್ಣಗೆ ನೀಲಿಗೆ ತಿರುಗುವಾಗ
ಮೇಲೆ ತಗಡು ಎಳೆದು ಮಣ್ಣು ಮೆತ್ತಬೇಕು.
ಮೊದಲೇ ಮುಚ್ಚಿದರೆ ಒಳಗೆ ಅರೆಬೆಂದ ಚಿಪ್ಪು,
ತಡೆದರೆ ಬರೀ ಬೂದಿ.
ನಡುವೆ ಎಷ್ಟು ಹೊತ್ತು ಸಿಗುತ್ತೆ ಮೈಲಾರಿ?
"ಒಂದು ಬೀಡಿ ಹೊತ್ತು," ಅಂದ.
ಬೀಡಿಯ ತುದಿ ನೋಡಿಕೊಂಡು ಸೇರಿಸಿದ,
"ಗಾಳಿ ಏಳದಿದ್ರೆ."

ಶ್ರಾವಣದ ಹಾಳೆ ಮುಂದಿದೆ. ಈ ಸಲ ಪೆನ್ಸಿಲು.
ಒಂಬತ್ತು ಬರೆದೆ, ಗುಲ್ಜಾರಮ್ಮನ ಐದು ದಿನ.
ಅಳಿಸಿದೆ. ಏಳು ಬರೆದೆ.
ಅದನ್ನೂ ಅಳಿಸಿ, ಮತ್ತೆ ಒಂಬತ್ತು.
ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿ
ಕೆಳಗಿನ ಭಾದ್ರಪದ ಕಾಣುತ್ತಿದೆ,
ಖಾಲಿ.
ಹೊರಗೆ ಚಿಕ್ಕತಾಯಮ್ಮ
ಪಂಚೆ ಕೊಡವುವ ಸದ್ದು.