ಎದುರುಬದುರು

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತೀರಲ್ಲ,
ಇಲ್ಲಿದೆ. ಹತ್ತಿ ಬನ್ನಿ, ಮರಗಳೆಲ್ಲ ಹಿಂದುಳಿದ ಮೇಲೆ
ಇನ್ನೂ ಒಂದು ತಾಸು.
ಕೊಟ್ಟಿಗೆಯ ಹಿಂದೆ, ಗಂಜಲ ಇಳಿದು ನೆಲ ಕೊಬ್ಬಿದಲ್ಲಿ
ಸೊಂಟದೆತ್ತರ ನಿಂತಿದೆ ಗೆರ್ಮರ್.
ನೇಸಾಳ ಏಳೂ ಆಡು ಸುತ್ತಲ ಹುಲ್ಲು ಬೋಳಿಸಿ
ಅದನ್ನಷ್ಟೇ ಬಿಟ್ಟಿವೆ,
ಮಾತು ಬಿಟ್ಟ ದಾಯಾದಿಯ ಮನೆ ದಾಟುವಂತೆ.

ಪಕ್ಕದಲ್ಲೇ ಎಂಝಿಯಾನ್. ಅದೇ ಹಸಿರು, ಅದೇ ನಿಲುವು,
ಎಲೆಯ ಮೇಲೆ ಅದೇ ಉದ್ದುದ್ದ ನರ.
ಹೂ ಬಿಟ್ಟರೆ ಮಗುವೂ ಹೇಳೀತು.
ಹೂವಿಗೆ ಮೊದಲು?
"ಕಣ್ಣು ಮುಚ್ಚು" ಅಂದಳು ನೇಸಾ, ನನ್ನ ಮೊದಲ ವಾರ;
ಹಾಲೊಲೆಯ ಹೊಗೆ ಹತ್ತಿದ ಅಂಗೈಯಿಂದ ತಾನೇ ಮುಚ್ಚಿದಳು.
"ಬೆರಳಲ್ಲಿ ಕೇಳು. ಎರಡೆಲೆ ಎದುರುಬದುರು ಕೂತಿದ್ದರೆ
ಎಂಝಿಯಾನ್, ಬೇರು ಅಗೆದು ಸಾರಾಯಿಯಲ್ಲಿ ನೆನೆಹಾಕು.
ಒಂದು ಇತ್ತ, ಒಂದು ಅತ್ತ, ಒಂದನ್ನೊಂದು ನೋಡದೆ ಏರಿದ್ದರೆ
ಕೈ ತೊಳೆ."

ಅಷ್ಟೇ ಪಾಠ. ಉಳಿದದ್ದು ಹೇಳಿದವನು ಹಂದಿ ಕಾಯುವ ಹುಡುಗ:
ಹದಿನೇಳು ವರ್ಷದ ಕೆಳಗೆ, ಹಿಮ ಕರಗಿದ ವಾರವೇ
ಅವಳ ಅಣ್ಣ ಯೋರಿ ಅವಸರದಲ್ಲಿ ಅಗೆದ ಬೇರು,
ಅವಳ ಗಂಡ ಹಾರ್ಟ್ಲಿ ಕುಡಿದ ಎರಡು ಬಟ್ಟಲು.
ಯೋರಿಯೂ ಕುಡಿದಿದ್ದ.
ಒಂದೇ ಬಟ್ಟಲು.

ಈಗಲೂ ಜೂನಿಗೆ ಯೋರಿ ತನ್ನ ಒಂಬತ್ತು ಹಸುಗಳನ್ನು
ಕೆಳಗಿನ ಸೇತುವೆವರೆಗೆ ಹೊಡೆದುಕೊಂಡು ಬರುತ್ತಾನೆ.
ಅಲ್ಲಿಂದ ಮೇಲೆ ನಾನು.
ಸೆಪ್ಟೆಂಬರಿಗೆ, ಹಾಲಿನ ಲೆಕ್ಕದಂತೆ, ಅವನ ಪಾಲಿನ ಚೀಸ್
ಅದೇ ಸೇತುವೆಯ ಕಲ್ಲಿನ ಮೇಲೆ.
ಒಂದು ತೊಲ ಹೆಚ್ಚಿಲ್ಲ, ಕಡಿಮೆಯಿಲ್ಲ.

ಮುಟರ್ನ್ ಚಿಗುರಿದ ಇಳಿಜಾರಿಗೆ ಬಿಟ್ಟ ದಿನ
ಹಾಲಿಗೆ ಸೋಂಪಿನ ನೆನಪು.
ಬೆರಳದ್ದಿ ಅವಳು ಹೇಳಬಲ್ಲಳು ಯಾರು ಎಲ್ಲಿ ಮೇದರೆಂದು.
ಮಂಜು ಕವಿದರೆ ಗಂಟೆಯ ದನಿಯಲ್ಲೇ ಗುರುತು:
ಲೂಸ್, ಬಲ್ಡಾ, ಫಾಲ್ಕ್, ಮುದುಕಿ ಷ್ಟೆರ್ನಾ.
ಒಂಬತ್ತಕ್ಕೆ ಮಾತ್ರ ಹೆಸರಿಲ್ಲ.
"ಅವನದು" ಅನ್ನುತ್ತಾಳೆ. ಮತ್ತೆ "ಅವನದು".

ಆಗಸ್ಟಿನ ಆಲಿಕಲ್ಲಿನ ರಾತ್ರಿ ಎಣಿಕೆಗೆ ಒಂದು ಕಡಿಮೆ.
ಕೋಟು ಮರೆತು ಲಾಟೀನು ಹಿಡಿದು ಓಡಿದವಳು
ಬೆಳಗಿನ ಜಾವ ಬಂದಳು,
ಅವನದೊಂದರ ಕುತ್ತಿಗೆಗೆ ಆತು, ಇಬ್ಬರೂ ಕುಂಟುತ್ತ.
ಗೊರಸಿನ ಮೇಲೆ ಆರ್ನಿಕಾ ಅರೆದು ಕಟ್ಟುವಾಗ
ಹಸುವಿನ ಕಿವಿಯಲ್ಲಿ ಯಾವುದೋ ಹೆಸರು ಕರೆದಳು.
ನಾನು ಕೇಳಿಸಿಕೊಂಡೆ. ಹೇಳುವುದಿಲ್ಲ.

ಇವತ್ತು ಗೆರ್ಮರ್ ಕೀಳುವ ಸರದಿ ನನ್ನದು.
ಕಣ್ಣು ಮುಚ್ಚಿ ಕಾಂಡ ತಡವುತ್ತೇನೆ:
ಇತ್ತ ಒಂದು.
ಅತ್ತ...
ತಡೆಯಿರಿ, ಇನ್ನೊಮ್ಮೆ.