ಅಳತೆ ಪುಸ್ತಕ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನೆದುರು ಮೆಟ್ಟಿಲು ಹತ್ತಿದರೆ
ಎಡಕ್ಕೆ ನನ್ನ ಅಂಗಡಿ. ಬೋರ್ಡಿಲ್ಲ. ಎಲ್ಲರಿಗೂ ಗೊತ್ತು.
ಇಪ್ಪತ್ತೆರಡು ವರ್ಷ ಈ ಟೇಪು ಸುತ್ತಿದೆ
ಊರಿನ ಹೆಂಗಸರ ಎದೆಯ ಸುತ್ತ.
ಮೂವತ್ತಾರು, ಮೂವತ್ತೆಂಟೂವರೆ,
ಬಸುರಿಗೆ ಹೊಲಿಗೆಯೊಳಗೆ ಎರಡಿಂಚು ಸಾಲ.
ಉಸಿರು ಹಿಡಿಯಬೇಡಿ ಎಂದರೂ
ಹಿಡಿಯುತ್ತಾರೆ.

ನಮ್ಮ ಸೀರೆಗೆ ನೆರಿಗೆ ಬೆನ್ನ ಹಿಂದೆ.
ತಾರೀಕುಗಳು ಮಾತ್ರ ಮುಂದೆ, ಇನ್ನೂ ಮುಂದೆ:
ಹೂಮಳೆ ಬೀಳಲಿ, ನೋಡುವಾ.
ಕಾಫಿ ಕುಯ್ದು ಮುಗಿಯಲಿ.
ಪುತ್ತರಿಗೆ ನೆಂಟರಿದ್ದಾರೆ, ಅದಾದ ಮೇಲೆ.

ಶಾಲೆಯ ಮೈದಾನಕ್ಕೆ ಆಸ್ಪತ್ರೆಯ ವ್ಯಾನು ಬಂದಿತ್ತು.
ನಲವತ್ತು ದಾಟಿದವರಿಗೆ, ಪುಕ್ಕಟೆ.
ಆಶಾ ಕಾರ್ಯಕರ್ತೆ ಜಾನಕಿ ಚೀಟಿ ಹಂಚಿದಳು, ನನಗೂ ಒಂದು.
ಒಳಗೆ ಗಂಡಸಿದ್ದರೆ? ಎಂದಳು ಸಫಿಯಾ.
ಅರ್ಧ ದಿನದ ಕೂಲಿ ಯಾರು ಕೊಡ್ತಾರೆ?
ಲೈನ್‌ಮನೆಯ ಚುಬ್ರಿ ಕೇಳಿದ್ದಕ್ಕೆ
ಜಾನಕಿಯ ಬಳಿ ಉತ್ತರವಿರಲಿಲ್ಲ, ನನ್ನ ಬಳಿಯೂ.
ಬಾಳೆಲೆ ರಸ್ತೆಯಲ್ಲಿ ಆನೆ ನಿಂತಿತ್ತು, ಬಸ್ಸು ಬರಲಿಲ್ಲ ಎಂದರು ಕೆಲವರು.
ಆನೆ ನಿಂತದ್ದು ನಿಜ.
ಒಂಬತ್ತಕ್ಕೆ ಹೋಯಿತು.
ವ್ಯಾನು ನಾಲ್ಕರವರೆಗೂ ಇತ್ತು.

ಏನೂ ಇಲ್ಲದೆ ಹೋಗಿ, ಏನಾದರೂ ಸಿಕ್ಕಿಬಿಟ್ಟರೆ?
ಇದನ್ನು ಯಾರು ಹೇಳಿದರೋ ನೆನಪಿಲ್ಲ.
ನಾನೇ ಇರಬಹುದು.

ಚೋಂದವ್ವ ಏನೂ ಹೇಳಲಿಲ್ಲ.
ತಮ್ಮನ ಮಗಳ ಮದುವೆಗೆ ರವಿಕೆ ಅಳತೆ ಕೊಡುತ್ತಾ
ಎಡಗಡೆ ಕೊಂಚ ಸಡಿಲ ಇಡು, ಎಂದಳು.
ಎಡಗಡೆ ಮಾತ್ರವಾ?
ಎಡಗಡೆ ಮಾತ್ರ.
ಅವಳು ಕಿಟಕಿಯ ಕಡೆ ನೋಡಿದಳು, ನಾನು ಟೇಪಿನ ಕಡೆ.
ಅರ್ಧ ಇಂಚು ಬಿಟ್ಟೆ. ಮಾತನ್ನೂ ಅಲ್ಲಿಗೇ ಬಿಟ್ಟೆ.
ರವಿಕೆ ಎಷ್ಟು ಚೆನ್ನಾಗಿ ಕೂತಿತ್ತೆಂದರೆ
ಮದುವೆಯಲ್ಲಿ ಮೂರು ಜನ ನನ್ನ ನಂಬರು ಕೇಳಿದರಂತೆ.

ನಿನ್ನೆ ಅವಳ ಮಗಳು ಬಂದಳು, ಮೈಸೂರಿನಿಂದ ನೇರ,
ಅದೇ ರವಿಕೆ ಪ್ಲಾಸ್ಟಿಕ್ ಚೀಲದಲ್ಲಿ.
ಎಡಗಡೆ ಒಳಗೆ ಹತ್ತಿ ಇಟ್ಟು ಹೊಲಿಯಲು ಬರುತ್ತಾ ಆಂಟಿ?
ಹೊರಗಿನಿಂದ ಗೊತ್ತಾಗಬಾರದಂತೆ, ಅಮ್ಮ ಹೇಳಿದಳು.
ಬರುತ್ತದೆ ಎಂದೆ.
ಹೊರಗಿನಿಂದ ಗೊತ್ತಾಗದ ಹಾಗೆ ಹೊಲಿಯುವುದು
ನನಗೆ ಚೆನ್ನಾಗಿ ಬರುತ್ತದೆ.

ರಾತ್ರಿ ಪುಸ್ತಕ ತೆರೆದು ಪುಟ ಪುಟ ಹುಡುಕಿದೆ.
ನನ್ನ ಅಳತೆ ಎಲ್ಲೂ ಇಲ್ಲ.
ಹಳೇ ರವಿಕೆ ಹರಡಿ, ಅದರ ಮೇಲೇ ಬಟ್ಟೆ ಕತ್ತರಿಸುತ್ತಾ ಬಂದಿದ್ದೇನೆ,
ಎಂಟು ವರ್ಷದ ಹಿಂದಿನ ನಾನೇ
ಇವತ್ತಿಗೂ ಇದ್ದ ಹಾಗೆ.
ಜಾನಕಿಯ ಚೀಟಿ ಗುರುತಿಗೆಂದು ಸಿಕ್ಕಿಸಿದಲ್ಲೇ ಇತ್ತು,
ಬೆನ್ನ ಮೇಲೆ ಯಾರದೋ ತೋಳಿನ ಅಳತೆ.

ಗುರುವಾರ, ಮಡಿಕೇರಿ ಬಸ್ಸು ಏಳೂವರೆಗೆ.
ಗುರುವಾರ ಕೊಡಬೇಕಾದ ರವಿಕೆ ಮೂರು.
ಮೊದಲನೆಯವಳಿಗೆ ಫೋನು ಮಾಡಿದೆ:
ಶನಿವಾರ ಬಾ.
ಯಾಕೆ ಅಕ್ಕಾ, ಏನಾಯ್ತು?
ಟ್ಯೂಬ್‌ಲೈಟಿನ ಕೆಳಗೆ ಕೂತು ಹೇಳಿದೆ,
ಏನಿಲ್ಲ, ಇಲ್ಲಿ ಕರೆಂಟಿಲ್ಲ.